ನಮ್ಮ ಸ್ಟಾರ್ಟರ್ ಕಂಪನಿಯ ಉಪಗ್ರಹ

ಪಂಪ್‌ಸೆಟ್ಟಿಗೆ ಸ್ಟಾರ್ಟರ್ ಮಾಡುವ ಕಂಪನಿ ಉಪಗ್ರಹ ಮಾಡಲು ಹೊರಟಿದೆ ಎಂದರೆ ಬೇರೆ ಊರಿನಲ್ಲಾದರೆ ನಗುತ್ತಿದ್ದರು. ಹೊಸಪೇಟೆಯಲ್ಲಿ ಯಾರೂ ನಗಲಿಲ್ಲ. ಕಾಲುವೆ ಬಂದ ಮೇಲೆ ನಮ್ಮ ಕಡೆಯವರಿಗೆ ಒಂದು ಧೈರ್ಯ ಬಂದಿತ್ತು. ಭತ್ತ ಬೆಳೆದವನು ಲಾಡ್ಜು ಕಟ್ಟುತ್ತಿದ್ದ, ಕಬ್ಬು ಬೆಳೆದವನು ಟಾಕೀಸು ಕಟ್ಟುತ್ತಿದ್ದ, ಎರಡೂ ಬೆಳೆದವನು ಚುನಾವಣೆಗೆ ನಿಲ್ಲುತ್ತಿದ್ದ. ನಮ್ಮ ಮಾಲೀಕರ ಮನೆತನಕ್ಕೆ ಕಂಪ್ಲಿ ಕಡೆ ಎರಡೂ ಇದ್ದವು. ಚುನಾವಣೆಗೆ ಅವರ ಅಣ್ಣ ಆಗಲೇ ನಿಂತಿದ್ದರಿಂದ ಇವರು ಆಕಾಶದ ಕಡೆ ನೋಡಬೇಕಾಯಿತು.

ನಾನು ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅಪ್ಪ ಅಣೆಕಟ್ಟಿನ ಗೇಟು ಎತ್ತುವ, ಇಳಿಸುವ ಕೆಲಸದಲ್ಲಿದ್ದರು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಈ ಕಂಪನಿ ಸೇರಿದ ನಾನು, ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ, ದಿನವಿಡೀ ಸ್ಟಾರ್ಟರಿಗೆ ಬೆಸುಗೆ ಹಾಕುತ್ತಿದ್ದೆ. ಆ ಸ್ಟಾರ್ಟರುಗಳಲ್ಲಿ ಬಹುಪಾಲು ಹೋಗುತ್ತಿದ್ದದ್ದು ಕಾಲುವೆಗೆ ಕದ್ದು ಪೈಪು ಇಳಿಸಿದವರ ಪಂಪುಗಳಿಗೆ. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ನನ್ನ ಅಕ್ಕನನ್ನು ಅದೇ ಕಾಲುವೆಯ ಕಟ್ಟಕಡೆಯ ಹಳ್ಳಿಗೆ ಕೊಟ್ಟಿದ್ದರು. ಸರಕಾರದ ನಕ್ಷೆಯಲ್ಲಿ ಅವಳ ಹೊಲಕ್ಕೆ ನೀರಿತ್ತು, ಹೊಲದಲ್ಲಿ ಇರಲಿಲ್ಲ.

ಹಾಗಾಗಿ ಉಪಗ್ರಹ ಏನು ಮಾಡಬೇಕು ಎಂಬ ಮಾತು ಬಂದಾಗ ನಾನೇ ಬಾಯಿ ಹಾಕಿದೆ. ಕಾಲುವೆಯ ಮೊದಲಿಗೊಂದು, ಕೊನೆಗೊಂದು ಪೆಟ್ಟಿಗೆ ಇಡೋಣ. ಪೆಟ್ಟಿಗೆಯ ತೇಲುಗುಂಡು ನೀರಿನ ಮಟ್ಟ ಹೇಳುತ್ತದೆ, ಮೇಲೆ ಹಾದುಹೋಗುವ ಉಪಗ್ರಹ ಅದನ್ನು ಕೇಳಿಸಿಕೊಂಡು ನಮ್ಮ ಮಾಳಿಗೆಯ ಆಂಟೆನಾಗೆ ಮುಟ್ಟಿಸುತ್ತದೆ. ನಡುವೆ ನೀರು ಮಾಯವಾಗುತ್ತಿದೆ ಎನ್ನುವವರಿಗೆ ಒಂದು ಆಧಾರ ಸಿಕ್ಕಂತಾಗುತ್ತದೆ ಎಂದೆ. ಮಾಲೀಕರಿಗೆ ಭಾರಿ ಹಿಡಿಸಿತು. ನೀರು ಮಾಯವಾಗುವ ಜಾಗಗಳಲ್ಲಿ ಅವರ ಅಣ್ಣನ ಕಬ್ಬಿನ ಗದ್ದೆಯೂ ಒಂದು ಎಂಬುದು ಆ ಹುರುಪಿನಲ್ಲಿ ಅವರಿಗೆ ಹೊಳೆಯಲೇ ಇಲ್ಲ.

ವರ್ಷಗಟ್ಟಲೆ ಕೆಲಸ ಹಿಡಿಯಿತು. ಉಪಗ್ರಹವೆಂದರೆ ಮದುವೆಯ ಟ್ರಂಕಿಗಿಂತ ಚಿಕ್ಕ ಪೆಟ್ಟಿಗೆ. ಸಂಡೂರಿನ ಅದಿರು ಲಾರಿಗಳು ಬಾಗಿಲ ಮುಂದೆಯೇ ಹಾಯುತ್ತಿದ್ದವು. ಕೆಂದೂಳು ಒಳಗೆ ಬರಬಾರದೆಂದು ಕಿಟಕಿಗಳಿಗೆ ಒದ್ದೆ ಗೋಣಿತಾಟು ಇಳಿಬಿಟ್ಟು ಅದನ್ನೇ ನಮ್ಮ ಸ್ವಚ್ಛ ಕೊಠಡಿ ಎಂದು ಕರೆದುಕೊಂಡೆವು. ಪೆಟ್ಟಿಗೆಯನ್ನು ಬೆಂಗಳೂರಿಗೆ ಪರೀಕ್ಷೆಗೆ ಕಳಿಸುವ ದಿನ ಮಾಲೀಕರ ತಾಯಿ ಬಂದರು. ಮನೆ ಬಿಟ್ಟು ಹೋಗುವುದನ್ನು ಬರಿದೇ ಕಳಿಸಬಾರದೆಂದು ಅದಕ್ಕೆ ಉಡಿ ತುಂಬಿದರು: ಅರಿಸಿನ, ಕುಂಕುಮ, ಕೊಬ್ಬರಿ ಬಟ್ಟಲು, ಅಕ್ಕಿ. ಪ್ಲಾಸ್ಟಿಕ್ ಹೊದಿಸಿದ್ದೆವು, ಆದರೂ ಅಲ್ಲಿ ಯಂತ್ರದ ಮೇಲಿಟ್ಟು ಅಲುಗಾಡಿಸಿದಾಗ ಒಳಗಿನಿಂದ ಕಟಕಟ ಸದ್ದು ಬಂತು. ಬಿಚ್ಚಿದರೆ ಅಕ್ಕಿ ಕಾಳು. ಅಲ್ಲಿನ ಎಂಜಿನಿಯರು ಚಿಮಟದಿಂದ ಎತ್ತಿ ಹಿಡಿದು ಇದು ಯಾವ ಬಿಡಿಭಾಗ ಎಂದು ಕೇಳಿದರು. ನಮ್ಮ ಗದ್ದೆಯ ಸೋನಾಮಸೂರಿ ಎಂದು ಮಾಲೀಕರು ಹೆಮ್ಮೆಯಿಂದಲೇ ಹೇಳಿದರು.

ಕೊನೆಗೆ ಪರದೇಶದ ರಾಕೆಟ್ಟೊಂದರ ಮೂಲೆಯಲ್ಲಿ ಜಾಗ ಸಿಕ್ಕಿ ಅದು ಹಾರಿತು. ಮಾಳಿಗೆಯ ಮೇಲೆ ಅದರ ದನಿ ಮೊದಲ ಸಲ ಕೇಳಿಸಿದಾಗ ನಾನು ಅತ್ತುಬಿಟ್ಟೆ. ಕಾಲುವೆಯ ಮೊದಲಲ್ಲಿ ನೀರು ತುಂಬಿದೆ, ಕೊನೆಯಲ್ಲಿ ಸೊನ್ನೆ. ಅಕ್ಕ ಮದುವೆಯಾದಂದಿನಿಂದ ಹೇಳುತ್ತಿದ್ದದ್ದನ್ನೇ ಅದು ಹೇಳುತ್ತಿತ್ತು. ಆಕಾಶವೇ ಹೇಳಿದ ಮೇಲೆ ನೀರಾವರಿ ಇಲಾಖೆಯ ಅಧಿಕಾರಿಗಳು ಜೀಪು ಹತ್ತಿದರು, ಕದ್ದು ಇಳಿಸಿದ ಪೈಪುಗಳು ಮೇಲೆ ಬಂದವು. ಆ ಮುಂಗಾರಿನಲ್ಲಿ ಅಕ್ಕನ ಊರಿಗೆ ನೀರು ಹರಿಯಿತು. ಅವಳು ಜೋಳ ಬಿಟ್ಟು ಮೊದಲ ಸಲ ಭತ್ತದ ಸಸಿಮಡಿ ಹಾಕಿದಳು.

ಸಸಿ ನಾಟಿಗೆ ಬರುವ ಮೊದಲೇ ನೀರು ಬರುವುದು ನಿಂತಿತೆಂದು ಸುದ್ದಿ ಬಂತು. ಉಪಗ್ರಹ ಮಾತ್ರ ಕೊನೆಯಲ್ಲೂ ತುಂಬಿದೆ ಎನ್ನುತ್ತಿತ್ತು. ಬೆಸುಗೆ ಬಿಟ್ಟಿರಬೇಕೆಂದು ಬಸ್ಸು ಹತ್ತಿ ಹೋದೆ. ತಪ್ಪು ಬೆಸುಗೆಯದಾಗಿರಲಿಲ್ಲ. ಕಾಲುವೆಯೊಳಗೆ ಕುರಿಗಳು ಮೇಯುತ್ತಿದ್ದವು. ನಮ್ಮ ಪೆಟ್ಟಿಗೆ ಇದ್ದ ಗೂಡಿನ ಜಾಲರಿಯಿಂದ ಇಣುಕಿದರೆ, ತೇಲುಗುಂಡನ್ನು ಯಾರೋ ನೀಲಿ ಡ್ರಮ್ಮೊಂದರಲ್ಲಿ ಇಳಿಬಿಟ್ಟಿದ್ದರು. ಡ್ರಮ್ಮಿನ ತುಂಬ ನೀರು. ಮಾಲೀಕರ ಅಣ್ಣನ ಟ್ರ್ಯಾಕ್ಟರು ಬಂದು ತುಂಬಿಸಿ ಹೋಗುತ್ತದೆ, ಬೀಗದ ಕೈಯೂ ಅವರ ಆಳಿನ ಹತ್ತಿರವೇ ಇದೆ ಎಂದು ಊರಿನವರು ಹೇಳಿದರು. ಆ ಊರಿಗೆ ಕಾಲುವೆಯ ನೀರು ಬರುತ್ತಿದ್ದದ್ದು ಅದೊಂದೇ ದಾರಿಯಲ್ಲಿ. ಉಪಕರಣ ಮುಟ್ಟಿದರೆ ಶಿಕ್ಷೆ ಎಂಬ ಬೋರ್ಡಿಗೆ ಹೆದರಿ ಅವರು ಸುಮ್ಮನಿದ್ದರು. ಬೋರ್ಡು ಬರೆಸಿದವರು ನಾವೇ.

ನೇರ ಹೋಗಿ ಮಾಲೀಕರಿಗೆ ಹೇಳಿದೆ. ಅವರು ಕೇಳಿಸಿಕೊಂಡು, ಉಪಗ್ರಹದಲ್ಲಿ ದೋಷವಿಲ್ಲವಲ್ಲ, ಅಷ್ಟು ಸಾಕು ಎಂದರು. ಅಕ್ಕನನ್ನು ಕರೆದುಕೊಂಡು ನೀರಾವರಿ ಇಲಾಖೆಯ ಅಧಿಕಾರಿಯೊಬ್ಬರ ಹತ್ತಿರ ಹೋದೆ. ಅವರು ಚಹಾ ತರಿಸಿ ತಾಳ್ಮೆಯಿಂದ ಕೇಳಿದರು.

“ಡ್ರಮ್ಮು ನಿಮ್ಮ ಕಣ್ಣಿಗೆ ಬಿದ್ದದ್ದು ಮೇಡಂ. ಉಪಗ್ರಹ ಹಂಗ ಹೇಳವಲ್ದಲ್ರಿ,” ಎಂದರು. “ಮಾಡಿದವ್ರು ನೀವ. ನೀವ ನಂಬಲಿಲ್ಲಂದ್ರ ಹೆಂಗ್ರಿ?”

ಅಕ್ಕ ಊರಿಗೆ ಹೋಗಿ ಸಸಿಯನ್ನೆಲ್ಲ ಕಿತ್ತು ಎಮ್ಮೆಗಳಿಗೆ ಹಾಕಿದಳು.

ಉಪಗ್ರಹ ನಾವು ಎಣಿಸಿದ್ದಕ್ಕಿಂತ ಬಹಳ ಕಾಲ ಬಾಳಿತು, ಬೆಸುಗೆ ಅಷ್ಟು ಚೆನ್ನಾಗಿತ್ತು. ಕೊನೆಯ ಹೊಲಕ್ಕೂ ನೀರು ಮುಟ್ಟಿಸಿದ ಮನೆತನ ಎಂದು ಮಾಲೀಕರ ಅಣ್ಣ ಭಾಷಣ ಮಾಡಿ ಗೆದ್ದರು. ಕಂಪನಿಯ ಅಂಗಳದಲ್ಲಿ ಸಿಮೆಂಟಿನ ಉಪಗ್ರಹ ಎದ್ದಿತು. ಹಂಪಿ ನೋಡಲು ಬಂದ ಶಾಲಾ ಪ್ರವಾಸದ ಬಸ್ಸುಗಳು ಇಲ್ಲಿಯೂ ನಿಲ್ಲತೊಡಗಿದವು. ಒಂದು ದಿನ ಮೇಲಿದ್ದ ಉಪಗ್ರಹ ಮೌನವಾಯಿತು. ಇನ್ನಾದರೂ ಯಾರಾದರೂ ಕಾಲುವೆ ನೋಡಲು ಬರುತ್ತಾರೆಂದುಕೊಂಡೆ. ಕೊನೆಯ ಸಲ ಬಂದ ಅಳತೆಯನ್ನೇ ದಾಖಲೆಯಲ್ಲಿ ಮುಂದುವರಿಸಬೇಕೆಂದು ಇಲಾಖೆಯಲ್ಲಿ ತೀರ್ಮಾನವಾಯಿತು.

ಅದನ್ನು ಅಕ್ಕನಿಗೆ ಹೇಳಲು ನಾನೇ ಹೋದೆ. ಅವಳು ಜೋಳ ಕೇರುತ್ತ ಕೂತಿದ್ದಳು. ಸಿಟ್ಟು ಮಾಡಲಿಲ್ಲ, ಮೊರ ಕೆಳಗಿಡಲೂ ಇಲ್ಲ.

“ಮೊದ್ಲು ನೀರಿಲ್ಲ ಅಂದ್ರ ನಮ್ಮಾತು ಯಾರೂ ಕೇಳ್ತಿದ್ದಿಲ್ಲ,” ಎಂದಳು. “ನೀ ಅದನ್ನ ಹಾರಿಸಿದ ಮ್ಯಾಲ ಕೇಳಾಕ ಹತ್ತಿದ್ರು. ಕೇಳಿ, ಸುಳ್ಳು ಅಂದ್ರು.”