ಮೈಕು ಬಂದ್ ಆಗುವ ಬೀದಿ

ದಾವಣಗೆರೆಯಿಂದ ಹರಿಹರದವರೆಗೆ ನಿಂಗರಾಜನ ಮುಖ ಗೊತ್ತಿದ್ದವರು ಕಡಿಮೆ, ದನಿ ಗೊತ್ತಿಲ್ಲದವರಿಲ್ಲ. ಸೀರೆ ಸೇಲು, ಕಳೆದುಹೋದ ಮೇಕೆ, ನಾಳೆ ಬಾರದ ನಲ್ಲಿ ನೀರು, ಎಲ್ಲವನ್ನೂ ಆಟೊಗೆ ಮೈಕು ಕಟ್ಟಿಕೊಂಡು ಒಂದೇ ಭಕ್ತಿಯಿಂದ ಕೂಗುತ್ತಿದ್ದ. ಇಪ್ಪತ್ತೇಳು ವರ್ಷದಲ್ಲಿ ಸ್ವಂತದ್ದು ಅಂತ ಒಂದು ಮಾತು ಆಡಿದ್ದು ಅವನಿಗೇ ನೆನಪಿರಲಿಲ್ಲ.

ಈ ಸಲ ದಾವಣಗೆರೆಯ ಒಂದು ಆರೈಕೆ ಸಂಸ್ಥೆ ತಿಂಗಳ ಪ್ರಚಾರ ಕೊಟ್ಟಿತ್ತು. ಹಾಳೆಯಲ್ಲಿ 'ಉಪಶಾಮಕ ಆರೈಕೆ' ಅಂತಿತ್ತು.

"ಮೇಡಂ, ಇದನ್ನ ಕೂಗಿದ್ರೆ ಜನ ಹೊಸಾ ಗೊಬ್ಬರ ಬಂದೈತೆ ಅನ್ಕಂತಾರೆ."

ಸಂಸ್ಥೆಯ ನರ್ಸ್ ನೇತ್ರಾವತಿ ನಕ್ಕು ಬಿಡಿಸಿ ಹೇಳಿದರು. ಅವನೇ ಮಾತು ಕಟ್ಟಿ ರೆಕಾರ್ಡ್ ಮಾಡಿದ: "ಕಾಯಿಲೆ ವಾಸಿಯಾಗದಿದ್ರೂ ನೋವಿಗೆ ಮದ್ದೈತ್ರಿ! ಡಾಕ್ಟ್ರು, ನರ್ಸಮ್ಮ ನಿಮ್ಮ ಮನೆಗೇ ಬರ್ತಾರೆ. ಮುಚ್ಚಿಡಬ್ಯಾಡ್ರಿ!"

"ಮನಸ್ಸಿಟ್ಟು ಹೇಳಿದ್ರಿ," ಅಂದರು ನೇತ್ರಾವತಿ.

ಮುಚ್ಚಿಡೋದರಲ್ಲಿ ಅವನಷ್ಟು ಪಳಗಿದವನು ಸಿಗುತ್ತಿರಲಿಲ್ಲ. ಹರಿಹರದ ಮನೆಯಲ್ಲಿ ಅವ್ವ ತಿಪ್ಪಮ್ಮನಿಗೆ ಹೊಟ್ಟೆಯ ಕ್ಯಾನ್ಸರ್. ಇನ್ನು ಆಪರೇಷನ್ ಮಾಡಿ ಫಲವಿಲ್ಲ ಅಂತ ಡಾಕ್ಟರು ಹೇಳಿ ಮೂರು ತಿಂಗಳಾಗಿತ್ತು. ಅವ್ವನಿಗೂ ತಂಗಿ ಸುಮಾಗೂ 'ಹೊಟ್ಟೆ ಹುಣ್ಣು' ಅಂದಿದ್ದ. ಹಾಗೆ ಹೇಳಿಸಿದವನು ಸೋದರಮಾವ ಗುತ್ತೆಪ್ಪ. ಸುಮಾಗೆ ಮಲೆಬೆನ್ನೂರಿನ ಸಂಬಂಧ ತಂದವನೂ ಅವನೇ.

"ಆ ರೋಗ ಇರೋ ಮನೆಯಿಂದ ಹೆಣ್ಣು ತರ್ತಾರೇನಲೇ? ನಿಮ್ಮ ಸಂಸ್ಥೆಯ ಬೋರ್ಡು ಬರೆದ ಜೀಪು ಬಾಗ್ಲಿಗೆ ಬಂದು ನಿಂತ್ರೆ ಎಲ್ಲಾ ಮುಗೀತು."

ಅದಕ್ಕೇ ಆಟೊ ತನ್ನ ಬೀದಿಗೆ ತಿರುಗಿದ ಕೂಡಲೇ ನಿಂಗರಾಜ ಮೈಕು ಬಂದ್ ಮಾಡುತ್ತಿದ್ದ. ಹಿಂದೆ ಕೂತ ನೇತ್ರಾವತಿ ಒಮ್ಮೆ ಕೇಳಿಯೂ ಕೇಳಿದರು, "ಈ ಬೀದಿಗೆ ಯಾಕ್ರಿ ಬ್ಯಾಡ?"

"ಇಲ್ಲೋರು ಭಾಳ ಗಟ್ಟಿ ಮೇಡಂ. ಯಾರಿಗೂ ಏನೂ ಇಲ್ಲ."

ಭಾನುವಾರ ಗಂಡಿನ ಕಡೆಯವರು ಬಂದರು. ಗುತ್ತೆಪ್ಪ ಅಕ್ಕನಿಗೆ ದಪ್ಪನೆಯ ಸೀರೆ ಉಡಿಸಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ್ದ. ತಿಪ್ಪಮ್ಮ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಇದ್ದಳು.

"ಯಾಕ್ರೀ ಬೀಗ್ತಿ, ಇಷ್ಟು ಸೊರಗೀರಿ?" ಹುಡುಗನ ತಾಯಿ ಕೇಳಿದಳು.

"ವ್ರತ ಹಿಡಿದಾಳ್ರಿ, ಮಗಳ ಮದುವೆಗಂತ," ಗುತ್ತೆಪ್ಪ ತಡವರಿಸದೆ ಹೇಳಿದ. ನಿಂಗರಾಜ ಮಂಡಕ್ಕಿ ಮಿರ್ಚಿ ಹಂಚುತ್ತಾ ಹೌದು ಹೌದು ಅಂದ. ಅವನ ಪಾಲಿನ ಸುಳ್ಳು ಯಾವಾಗಲೂ ಬೇರೆಯವರೇ ಬರೆದುಕೊಟ್ಟದ್ದು.

ಹುಡುಗಿ ಒಪ್ಪಿಗೆಯಾದಳು. ಮಾತುಕತೆಗೆ ಮೂರು ವಾರ ಬಿಟ್ಟು ಬರ್ತೀವಿ ಅಂದರು. ಅವರು ತಿರುವು ದಾಟಿದ್ದೇ ತಿಪ್ಪಮ್ಮ ಕೂತಲ್ಲೇ ಪಕ್ಕಕ್ಕೆ ಉರುಳಿ, ದನದಂತೆ ನರಳಿದಳು.

"ಇನ್ನ ಮೂರು ವಾರ ತಡ್ಕಳಕ್ಕಾ," ಅಂದ ಗುತ್ತೆಪ್ಪ, ಉಳಿದ ಮಿರ್ಚಿ ತಿನ್ನುತ್ತಾ.

ಸಂಜೆ ಅವಳು ಮಗನನ್ನು ಹತ್ತಿರ ಕರೆದಳು. "ನಿಂಗಾ, ಆಚೆ ಬೀದೀಲಿ ಮೈಕಿನಾಗೆ ನೀನೇ ಅಲ್ಲೇನೋ? ನೋವಿಗೆ ಮದ್ದೈತೆ ಅಂತೀಯಲ್ಲ."

"ಅದು ಸಾಯೋರಿಗವ್ವ. ನಿಂದು ಬರೀ ಹುಣ್ಣು."

ಅವಳು ಅವನ ಮುಖವನ್ನೇ ನೋಡಿದಳು. "ನಾನು ಸಾಯಂಗಿಲ್ಲ ಅನ್ನೋ ತಪ್ಪಿಗೆ ನನಗೆ ಆ ಮದ್ದಿಲ್ಲೇನು?"

ನಿಂಗರಾಜ ಆಟೊ ಒರೆಸಬೇಕು ಅಂತ ಹೊರಗೆ ಹೋದ. ಒರೆಸಿದ್ದನ್ನೇ ಮತ್ತೆ ಒರೆಸಿದ.

ಮರುದಿನ ಬೆಳಿಗ್ಗೆ ಆಟೊ ಆಚೆ ಬೀದಿಯಲ್ಲಿ ನಿಂತಿತ್ತು, ರೆಕಾರ್ಡು ಕೂಗುತ್ತಿತ್ತು. ಗೋಡೆ ಹಿಡಿದು, ನಿಂತು, ಮತ್ತೆ ಗೋಡೆ ಹಿಡಿದು ತಿಪ್ಪಮ್ಮ ಅಲ್ಲಿಗೆ ಬಂದಳು. ಮಗನ ಕಡೆ ತಿರುಗಲೇ ಇಲ್ಲ.

"ನರ್ಸಮ್ಮಾ, ನನ್ನ ಹೆಸರೂ ಬರ್ಕಳವ್ವ. ತಿಪ್ಪಮ್ಮ."

"ಏನಾಗೈತ್ರಿ ಅಮ್ಮ?"

"ನನಗೆ ಹೇಳಿಲ್ಲ. ಈ ಮೈಕಿನೋನನ್ನ ಕೇಳು."

ನಲ್ಲಿಯ ಹತ್ತಿರದ ಹೆಂಗಸರು ಕೊಡ ಕೆಳಗಿಟ್ಟರು. ನೇತ್ರಾವತಿ ಅವನ ಕಡೆ ತಿರುಗಿ, "ಯಾರ್ರಿ ಇವ್ರು?" ಅಂದರು. ತಲೆಯ ಮೇಲೆ ಅವನದೇ ದನಿ ಬೀದಿ ತುಂಬಾ ಕೂಗುತ್ತಿತ್ತು. ಕೆಳಗೆ ಅವನ ಬಾಯಿಂದ "ನಮ್ಮವ್ವ, ಕ್ಯಾನ್ಸರ್" ಅನ್ನುವ ಎರಡು ಮಾತು ಹೊರಡಲು ಬಹಳ ಹೊತ್ತು ಹಿಡಿಯಿತು.

ಮಧ್ಯಾಹ್ನ ಜೀಪು ಬಾಗಿಲಿಗೆ ಬಂತು. ಡಾಕ್ಟರು ಪರೀಕ್ಷೆ ಮಾಡಿ ಮಾರ್ಫಿನ್ ಮಾತ್ರೆ ಬರೆದರು. ಎಷ್ಟು ಹೊತ್ತಿಗೊಂದು, ಮಲಬದ್ಧತೆಗೆ ಏನು ಕೊಡಬೇಕು, ಎಲ್ಲಾ ಸುಮಾಗೆ ಹೇಳಿಕೊಟ್ಟರು. ಸಂಜೆಗೆ ಮಲೆಬೆನ್ನೂರಿನಿಂದ ಫೋನ್ ಬಂತು, ಹುಡುಗನ ಜಾತಕ ಕೂಡಿಬರಲಿಲ್ಲವಂತೆ. ಗುತ್ತೆಪ್ಪ ಚಪ್ಪಲಿ ಮೆಟ್ಟಿ ಹೋದವನು ತಿರುಗಿ ಬರಲಿಲ್ಲ.

"ನಾನು ಒಂದು ಸಲನಾದ್ರೂ ಆ ಹುಡುಗ ಬೇಕಂತ ಅಂದಿದ್ನೇನಣ್ಣ?" ಸುಮಾ ಕೇಳಿದಳು. ಯಾರೂ ಅವಳನ್ನು ಕೇಳಿರಲಿಲ್ಲ.

ಐದನೇ ದಿನ ತಿಪ್ಪಮ್ಮ ದಿಂಬಿಲ್ಲದೆ ಕೂತು ಮಜ್ಜಿಗೆ ಅನ್ನ ಉಂಡಳು. ಮೈಯಲ್ಲಿ ಉಳಿದಿದ್ದು ಮೂಳೆ ಮಾತ್ರ, ಉಳಿದ ದಿನಗಳೂ ಕೆಲವೇ ಅಂತ ಡಾಕ್ಟರು ಹೇಳಿದ್ದರು. ಕೈ ತೊಳೆದು ಮಾತ್ರೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದು ಈಗ ಬಂದಿದ್ದೇನೋ, ಮೊದ್ಲಿಂದ್ಲೂ ಇತ್ತೇನೋ?"

"ಇತ್ತವ್ವ."

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತವ್ವ."

ತಿಪ್ಪಮ್ಮ ಪಟ್ಟಿಯನ್ನು ಅವನ ಕೈಗೆ ಕೊಡಲಿಲ್ಲ. ಸುಮಾಳನ್ನು ಕರೆದು ಕೊಟ್ಟಳು.