ಅಪ್ಪನ ಜೈಲಿನ ಹನ್ನೆರಡನೆಯ ದಿನ

ಇಪ್ಪತ್ತು ವರ್ಷ ಮಕ್ಕಳಿಗೆ ಅಂಡಮಾನಿನ ಕರಿನೀರಿನ ಪಾಠ ಹೇಳಿದ ನಾನು ಗೊರೂರಿನ ಹಿನ್ನೀರಿಗಿಂತ ದೊಡ್ಡ ನೀರನ್ನು ಕಂಡವನೇ ಅಲ್ಲ. ಕೊನೆಗೊಮ್ಮೆ ಕಂಡದ್ದೂ ಸ್ವಂತ ಯೋಗ್ಯತೆಯಿಂದಲ್ಲ. ಸ್ವಾತಂತ್ರ್ಯ ಹೋರಾಟಗಾರರಿಗೆ ಅಂಡಮಾನ್ ನೋಡಿಬರಲು ಸರ್ಕಾರ ಕೊಡುತ್ತಿದ್ದ ಪಾಸಿನಲ್ಲಿ ‘ಜೊತೆಗಾರ’ ಎಂದು ಒಂದು ಸಾಲಿತ್ತು. ಆ ಸಾಲೇ ನಾನು.

ಹೋರಾಟಗಾರರು ನಮ್ಮಪ್ಪ. ಹದಿನೇಳರ ಹರೆಯದಲ್ಲಿ ಹೊಳೆನರಸೀಪುರದ ಕಚೇರಿಯೊಂದರ ಮೇಲೆ ಬಾವುಟ ಕಟ್ಟಿ ಹಾಸನದ ಜೈಲು ಕಂಡವರು. ಎಷ್ಟು ದಿನ? ಅದೇ ನಮ್ಮ ಮನೆಯ ವ್ಯಾಜ್ಯ. ಹಳ್ಳಿಮೈಸೂರಿನ ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಅವರು ಕೇಳದಿದ್ದರೂ, ಅಪ್ಪ ಹನ್ನೆರಡು ದಿನ ಎನ್ನುತ್ತಿದ್ದರು. ಬೆಳಗ್ಗೆಯೇ ಬಿಟ್ಟು ಕಳಿಸಿದ ದಿನ ಲೆಕ್ಕಕ್ಕಿಲ್ಲ, ಹನ್ನೊಂದೇ ಎಂದು ಇತಿಹಾಸದ ಮೇಷ್ಟ್ರಾದ ನಾನು ಎಲ್ಲರೆದುರೇ ತಿದ್ದುತ್ತಿದ್ದೆ. ಇಂಥ ಮಗನನ್ನೇ ಅವರು ಜೊತೆಗೆ ಕರೆದದ್ದು ಯಾಕೋ, ದೇವರೇ ಬಲ್ಲ.

ಮದ್ರಾಸಿನಿಂದ ಹಡಗು. ಅಪ್ಪನ ಚೀಲದಲ್ಲಿ ಒಂದು ಡಬ್ಬಿ ಕಜ್ಜಾಯ. ಹಸಿವಾಗಿ ಕೈ ಹಾಕಿದರೆ ಪಟ್ಟನೆ ಹೊಡೆದರು.

“ಮುಟ್ಬ್ಯಾಡ ಕಣ್ಲಾ, ಅದು ಎಡೆಗೆ. ಇರೀಕರ ತಾವ್ಕೆ ಬರಿಗೈಲಿ ಓಯ್ತಾರೇನ್ಲಾ?”

ನಮ್ಮ ಕಡೆ ಹಿರಿಯರ ಹಬ್ಬಕ್ಕೆ ತೀರಿಕೊಂಡವರ ಹೆಸರಿನಲ್ಲಿ ಎಡೆ ಇಟ್ಟು ಕಾಗೆ ಮುಟ್ಟುವವರೆಗೆ ಕಾಯುತ್ತೇವೆ. ಮುಟ್ಟಿದರೆ ಹಿರಿಯರು ಒಪ್ಪಿದಂತೆ. ಅಂಡಮಾನಿನಲ್ಲಿ ಸತ್ತವರೂ ಅಪ್ಪನ ಲೆಕ್ಕದಲ್ಲಿ ನಮ್ಮ ಮನೆಯ ಹಿರಿಯರೇ.

ಅಂಡಮಾನಿನಲ್ಲಿ ಹಡಗಿಳಿದು, ಒಂದು ಕಾಲಕ್ಕೆ ಕೈದಿಗಳನ್ನು ಕೂಡಿಟ್ಟಿದ್ದ ಪುಟ್ಟ ದ್ವೀಪವೊಂದಕ್ಕೆ ದೋಣಿಯಲ್ಲಿ ಹೋದೆವು. ಅಲ್ಲಿ ಈಗ ಒಂದು ಮ್ಯೂಸಿಯಂ. ಮಿಕ್ಕದ್ದೆಲ್ಲ ಜಿಂಕೆ, ನವಿಲುಗಳ ರಾಜ್ಯ. ಮ್ಯೂಸಿಯಮ್ಮಿನಲ್ಲಿದ್ದ ಕಾಲುಬೇಡಿಯ ಮುಂದೆ ಅಪ್ಪ ಬಹಳ ಹೊತ್ತು ನಿಂತರು. “ನಮ್ಗೆ ಬೇಡೀನೇ ಆಕ್ನಿಲ್ಲ ಕಣ್ಲಾ. ಒತ್ತೊತ್ಗೆ ಮುದ್ದೆ ಕೊಡೋರು” ಎಂದರು. ಹಾಸನದಿಂದ ಮದ್ರಾಸಿನವರೆಗೆ ಬಾಯಿ ಮುಚ್ಚದವರು ಆಮೇಲೆ ಮಾತೇ ಆಡಲಿಲ್ಲ. ಅವರು ಒಮ್ಮೆ ಸುಮ್ಮನಾಗಲಿ ಎಂದು ಎಷ್ಟು ಸಲ ಬೇಡಿಕೊಂಡಿದ್ದೆನೋ! ಈಗ ಸುಮ್ಮನಾದಾಗ, ಒಮ್ಮೆ ಮಾತಾಡಲಿ ಎಂದು ಬೇಡಿಕೊಂಡೆ.

ಹೊರಗೆ ಪಾಳು ಗೋಡೆಯ ಬುಡದಲ್ಲಿ, ಊರಿನಿಂದ ತಂದಿದ್ದ ಮುತ್ತುಗದೆಲೆ ಹಾಸಿ ಕಜ್ಜಾಯ ಇಟ್ಟು, ಕೈಮುಗಿದು ಹಿಂದೆ ಸರಿದರು. ಕಾದೆವು. ಒಂದು ಕಾಗೆಯೂ ಬರಲಿಲ್ಲ.

“ಒಪ್ಗೆ ಆಗ್ನಿಲ್ಲ ಅಂತ ಕಾಣ್ತದೆ. ಅವ್ರೆಲ್ಲಿ, ನಾನೆಲ್ಲಿ” ಎಂದರು ಅಪ್ಪ.

ಖಾಲಿ ಡಬ್ಬಿಯನ್ನು ನಾನು ಚೀಲಕ್ಕೆ ಹಾಕುತ್ತಿದ್ದಾಗ ಪೊದೆಯಿಂದ ಒಂದು ಜಿಂಕೆ ಬಂತು. ಮೂಸಿತು. ಕಜ್ಜಾಯ ಮುಗಿಸಿ, ಮುತ್ತುಗದೆಲೆಯನ್ನೂ ಮುಗಿಸಿ, ಇನ್ನೂ ಇದೆಯೇ ಎಂಬಂತೆ ಅಪ್ಪನ ಮುಖ ನೋಡಿತು. ಅಪ್ಪನ ಕಣ್ಣು ತುಂಬಿತು.

ಅಷ್ಟರಲ್ಲಿ ಕಾವಲಿನವನು ಓಡಿ ಬಂದು, ಜಿಂಕೆಗೆ ತಿಂಡಿ ಹಾಕಬಾರದೆಂದು ಹಿಂದಿಯಲ್ಲಿ ಬೈಯತೊಡಗಿದ. ತಪ್ಪು ನಮ್ಮದೇ. ತೆಪ್ಪಗೆ ಪಾಸು ತೋರಿಸಿದೆ. ಓದಿ ತಣ್ಣಗಾದವನು, ಎಷ್ಟು ದಿನ ಜೈಲಿನಲ್ಲಿದ್ದರು ಎಂದು ಕೇಳಿದ. ಹಿಂದಿ ಬಾರದಿದ್ದರೂ ಆ ಪ್ರಶ್ನೆ ಅಪ್ಪನಿಗೆ ಗೊತ್ತಾಗಿರಬೇಕು, ತಲೆ ತಗ್ಗಿಸಿದರು.

“ಬಾರಹ್ ದಿನ್” ಎಂದೆ ನಾನು. ತರಗತಿಯ ಕೊನೆಯ ಬೆಂಚಿಗೂ ಕೇಳಿಸುವಷ್ಟು ಜೋರಾಗಿ.

ಅವನು ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. ಅಪ್ಪ ಗಡಿಬಿಡಿಯಲ್ಲಿ ಹೆಗಲ ಟವೆಲು ಸರಿಮಾಡಿಕೊಂಡು ಕೈಮುಗಿದರು. ಇವರ ಮಗ ನಾನು ಎಂದು ಅವತ್ತು ಎದೆ ಉಬ್ಬಿದಷ್ಟು ಇನ್ಯಾವತ್ತೂ ಉಬ್ಬಿಲ್ಲ.

ಹಿಂತಿರುಗುವ ದೋಣಿಯಲ್ಲಿ ಅಪ್ಪ ಮೆಲ್ಲಗೆ ಕೇಳಿದರು. “ಅವ್ನಿಗೆ ಏಸು ದಿನ ಅಂದೆ?”

“ಹನ್ನೆರಡು.”

“ಮೇಷ್ಟ್ರಾಗಿ ಸುಳ್ಳು ಯೋಳ್ಬಾರ್ದು ಕಣ್ಲಾ. ಅನ್ನೊಂದೇಯ.”

ಆ ವ್ಯಾಜ್ಯ ಇನ್ನೂ ತೀರಿಲ್ಲ. ಈಗ ಹಳ್ಳಿಮೈಸೂರಿನ ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಅವರು ಕೇಳದಿದ್ದರೂ, ಹನ್ನೆರಡು ದಿನ ಎನ್ನುವವನು ನಾನು. ಎಲ್ಲರೆದುರೇ ತಿದ್ದುವವರು ಅಪ್ಪ.