ಗೋದಾಬಾಯಿಯ ಮನೆಯ ವಿದೇಶಿ ಅತಿಥಿ

ಪುಣೆಯ ಕೋಥರೂಡಿನಲ್ಲಿ ಹುಟ್ಟಿ ಬೆಳೆದ ಯಾರನ್ನಾದರೂ ತಡೆದು ನಿಲ್ಲಿಸಿ ಕೇಳಿದರೆ, ಅವರ ಜನನದ ಫಾರ್ಮ್ ತುಂಬಿದ್ದು ಗೋದಾಬಾಯಿಯೇ ಆಗಿರುವ ಸಂಭವ ಹೆಚ್ಚು. ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದ ಈಕೆ ಒಂದು ಸಣ್ಣ ಹೆರಿಗೆ ಆಸ್ಪತ್ರೆಯ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತಿದ್ದರು. ಹೆರಿಗೆ ಮಾಡಿಸುವುದು ಡಾಕ್ಟರಾದರೂ ಮಗುವನ್ನು ಊರಿಗೆ ಸೇರಿಸುವವಳು ತಾನು ಎಂಬ ಠೀವಿ ಅವರದು. ಹುಟ್ಟು, ಹೆಸರು, ದಾಖಲೆ ಎಂದರೆ ಇಡೀ ಓಣಿಯೇ ಅವರನ್ನು ಕೇಳುತ್ತಿತ್ತು. ಹಾಗಾಗಿ ಅವರು ಯಾರನ್ನೂ ಕೇಳುತ್ತಿರಲಿಲ್ಲ. ಎಡವಟ್ಟಾದದ್ದು ಅಲ್ಲೇ.

ಮಗಳು ಮಂಜರಿ ಗಂಡ ಮಧ್ವೇಶನ ಜೊತೆ ಮೆಲ್ಬರ್ನಿನಲ್ಲಿದ್ದಳು. ಎರಡು ವರ್ಷದ ಕೆಳಗೆ ಇಬ್ಬರೂ ಅಲ್ಲಿಯ ಪೌರತ್ವ ತೆಗೆದುಕೊಂಡು, ಪ್ರಮಾಣ ಮಾಡಿ, ಅಲ್ಲಿ ಕೊಟ್ಟ ಒಂದು ಸಸಿ ಹಿಡಿದುಕೊಂಡು ಫೋಟೋ ಕಳಿಸಿದ್ದರು. ಗೋದಾಬಾಯಿ ನೋಡಿ, ‘ಸಸಿ ಚಂದ ಅದ’ ಎಂದಿದ್ದರು. ಅವತ್ತು ರಾತ್ರಿ ಅವರಿಗೆ ಊಟ ಸೇರಲಿಲ್ಲ.

ಆದ್ದರಿಂದ ಮಂಜರಿ ಬಸುರಿ ಎಂದು ತಿಳಿದದ್ದೇ ತಡ, ಗೋದಾಬಾಯಿ ಫೋನಿನಲ್ಲೇ ಫರ್ಮಾನು ಹೊರಡಿಸಿದರು.

‘ಚೊಚ್ಚಲ ಹೆರಿಗಿ ತವರಮನ್ಯಾಗ ಆಗಬೇಕು. ಇಲ್ಲೆ ಹುಟ್ಟಿದ್ರ ಕೂಸು ಇಂಡಿಯಾದ್ದ ಆಗ್ತದ. ಫಾರ್ಮ್ ನಾನ ಬರೀತೀನಿ.’

‘ಯಾರಿಗರೆ ಒಂದು ಮಾತು ಕೇಳು,’ ಎಂದರು ಗಂಡ ಪ್ರಲ್ಹಾದರಾವ್. ಕುರಕುಂಭದ ಕೆಮಿಕಲ್ ಕಾರ್ಖಾನೆಯಲ್ಲಿ ಜೀವ ತೇದವರು. ಬಾಟಲಿಯ ಮೇಲಿನ ಚೀಟಿ ಓದದೆ ಏನನ್ನೂ ಮುಟ್ಟದವರು.

‘ಯಾರಿಗ್ರಿ ಕೇಳೂದು? ಕೇಳೋರೆಲ್ಲಾ ನನ್ನ ಹತ್ರ ಬರ್ತಾರ.’

ಅವರ ಲೆಕ್ಕಾಚಾರ ಸರಳವಾಗಿತ್ತು. ಮಗು ಇಲ್ಲಿಯದಾದರೆ ಮಗಳು ಯಾವ ದೇಶದ ಪ್ರಜೆಯಾದರೂ ಸುತ್ತಿ ಬಳಸಿ ಇಲ್ಲಿಗೇ ಬರಬೇಕು. ಇದನ್ನು ಅವರು ದೇವರ ಮುಂದೆ ಬಿಟ್ಟು ಬೇರೆಲ್ಲೂ ಬಾಯಿಬಿಟ್ಟು ಹೇಳಿರಲಿಲ್ಲ.

ಮಂಜರಿ ಬಂದಳು, ಹೆತ್ತಳು. ಹೆಣ್ಣುಮಗು. ಕಾಗದಕ್ಕೆ ಇಂದೂ, ಮನೆಗೆ ಪುಟ್ಟಿ. ಗೋದಾಬಾಯಿ ಹಳೇ ಕೌಂಟರಿಗೆ ಹೋಗಿ, ಅಲ್ಲಿದ್ದ ಹೊಸ ಹುಡುಗಿಯನ್ನು ಎಬ್ಬಿಸಿ, ತಾವೇ ಕೂತು ಫಾರ್ಮ್ ಬರೆದರು. ಬಾಣಂತಿಯ ಅಂಟಿನುಂಡಿ, ಎಣ್ಣೆನೀರು, ಸಾಂಬ್ರಾಣಿಯ ಹೊಗೆಯಲ್ಲಿ ಎರಡು ತಿಂಗಳು ಕಳೆಯಿತು. ಆಮೇಲೆ ಒಂದು ದಿನ ಜನನ ಪ್ರಮಾಣಪತ್ರ ಹಿಡಿದುಕೊಂಡು, ಮಗಳು ಮೊಮ್ಮಗಳ ಸಮೇತ ಪಾಸ್‌ಪೋರ್ಟ್ ಆಫೀಸಿಗೆ ಹೊರಟರು.

ಅಲ್ಲಿದ್ದ ಮರಾಠಿ ಹೆಣ್ಣುಮಗಳು ಪ್ರಮಾಣಪತ್ರವನ್ನು ಓದಿದಳು, ಮಂಜರಿಯ ಪಾಸ್‌ಪೋರ್ಟನ್ನೂ ಮಧ್ವೇಶ ಕಳಿಸಿದ್ದ ಅವನ ಪಾಸ್‌ಪೋರ್ಟಿನ ಪ್ರತಿಯನ್ನೂ ತಿರುವಿದಳು. ‘ಆಜೀ, ಬಾಳ ಫಾರಿನರ್ ಆಹೆ,’ ಎಂದಳು. ಅಂದರೆ, ಮಗು ವಿದೇಶಿ.

‘ಅಹೋ, ಹಿಚಾ ಜನ್ಮ ಕೋಥರೂಡಲಾ ಝಾಲಾ!’ ಎಂದು ಗೋದಾಬಾಯಿ ಗುಡುಗಿದರು.

ಆಕೆ ಸಮಾಧಾನದಿಂದ ತಿಳಿಸಿ ಹೇಳಿದಳು: ಇಲ್ಲಿ ಹುಟ್ಟಿದರಷ್ಟೇ ಸಾಲದು, ತಾಯಿ ತಂದೆಯರಲ್ಲಿ ಒಬ್ಬರಾದರೂ ಭಾರತದ ಪ್ರಜೆಯಾಗಿರಬೇಕು. ಕಾನೂನು ಹಾಗಾಗಿ ವರ್ಷಗಳೇ ಆಗಿವೆ. ಈ ಮಗುವಿಗೆ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಮಾಡಿಸಬೇಕು. ಅದು ಬಂದ ಮೇಲೆ ದೇಶ ಬಿಟ್ಟು ಹೋಗಲು ಇಲ್ಲಿಯ ಪರವಾನಗಿ ಬೇರೆ.

‘ಅವ್ವಾ, ನೀ ಖಾತ್ರಿ ಅಂದಿದ್ದೆಲ್ಲ?’ ಎಂದಳು ಮಂಜರಿ, ರಿಕ್ಷಾದಲ್ಲಿ.

ಗೋದಾಬಾಯಿ ನಾಚಿಕೆಯಿಂದ ಪ್ರಮಾಣಪತ್ರವನ್ನು ಮಡಚಿ ಚೀಲಕ್ಕೆ ತುರುಕಿದರು. ಇಷ್ಟು ವರ್ಷ ಆ ಕೌಂಟರಿನಲ್ಲಿ ಕೂತು ಅವರು ಹುಟ್ಟಿದ ಊರನ್ನು ಬರೆದಿದ್ದರೇ ಹೊರತು ಯಾವ ದೇಶವನ್ನೂ ಯಾರಿಗೂ ಕೊಟ್ಟಿರಲಿಲ್ಲ.

ಆದರೆ ಸರ್ಕಾರಗಳು ಅವರ ಕೈಬಿಡಲಿಲ್ಲ. ಮಗುವನ್ನು ತನ್ನದೆಂದು ಒಪ್ಪಲು ಆಸ್ಟ್ರೇಲಿಯಾಕ್ಕೆ ತಿಂಗಳುಗಟ್ಟಲೆ ಬೇಕಾಯಿತು. ಅಲ್ಲಿಯವರೆಗೆ ಈ ದೇಶ ಬಿಡುವಂತಿರಲಿಲ್ಲ. ‘ಅವರು ಒಪ್ಪವಲ್ರು, ಇವರು ಬಿಡವಲ್ರು,’ ಎಂದು ಪ್ರಲ್ಹಾದರಾವ್ ನಕ್ಕರು. ಮಂಜರಿ ರಜೆಯ ಮೇಲೆ ರಜೆ ಹಾಕಿದಳು. ಗೋದಾಬಾಯಿ ವಾರಕ್ಕೊಮ್ಮೆ ಮುಖ ಸಣ್ಣದು ಮಾಡಿಕೊಂಡು, ‘ಕಾಗದ ಬಂತೇನವಾ?’ ಎಂದು ಕೇಳುವರು. ಇಲ್ಲ ಎಂದರೆ ಅಡುಗೆಮನೆಗೆ ಹೋಗಿ ಇನ್ನೊಂದು ಡಬ್ಬಿ ಅಂಟಿನುಂಡಿ ಕಟ್ಟುವರು. ಕಾಗದ ಬಂದ ಮೇಲೆ ಯಾವಾಗ ಹೊರಡುತ್ತೀರಿ ಎಂದರೆ ಮಗಳದು ಒಂದೇ ಉತ್ತರ: ‘ನೋಡೋಣಂತ.’ ಆ ಒಂದು ಮಾತಿನ ಮೇಲೆ ಗೋದಾಬಾಯಿ ಮನೆಯನ್ನೇ ಕಟ್ಟಿಬಿಟ್ಟರು. ಮಧ್ವೇಶನಿಗೆ ಪುಣೆಯ ಹಿಂಜವಡಿಯಲ್ಲಿ ಕೆಲಸ ಸಿಗಬಾರದೇಕೆ? ಓಣಿಯ ಬಾಲವಾಡಿಯಲ್ಲಿ ಎಷ್ಟನೇ ವಯಸ್ಸಿಗೆ ಸೇರಿಸಿಕೊಳ್ಳುತ್ತಾರೆ ಎಂದೂ ವಿಚಾರಿಸಿಕೊಂಡು ಬಂದರು.

ಪುಟ್ಟಿಗೆ ಏಳು ತಿಂಗಳಾದಾಗ ಪಾಸ್‌ಪೋರ್ಟ್ ಬಂತು. ಫೋಟೋದಲ್ಲಿ ಅವಳು ಎರಡೂ ಸರ್ಕಾರಗಳ ಮೇಲೆ ಸಿಟ್ಟಾದವಳಂತೆ ಹುಬ್ಬು ಗಂಟಿಕ್ಕಿದ್ದಳು. ಪರವಾನಗಿಯ ಜೊತೆಗೆ ಇನ್ನೊಂದು ಫಾರ್ಮ್ ಇತ್ತು. ವಿದೇಶಿಯರಿಗೆ ಮನೆಯಲ್ಲಿ ಜಾಗ ಕೊಟ್ಟವರು ಪೊಲೀಸರಿಗೆ ಸಲ್ಲಿಸುವಂಥದ್ದು. ಅದನ್ನು ಕಂಪ್ಯೂಟರಿನಲ್ಲಿ ತುಂಬಬೇಕಿತ್ತು, ಆದರೆ ಗೋದಾಬಾಯಿ ಮೊದಲು ಪ್ರಿಂಟಿನ ಮೇಲೆ ತಾವು ಬರೆಯುವುದೇ ಎಂದು ಹಟ ಹಿಡಿದರು.

ಭಾರತಕ್ಕೆ ಬಂದ ದಿನಾಂಕ. ಹುಟ್ಟಿದ ದಿನವನ್ನೇ ಬರೆದರು.

‘ಎಲ್ಲಿಂದ ಬಂದಳಂತ ಬರೀಲಿ?’

‘ದೇವರ ಮನೀಂದ ಅಂತ ಬರಿ,’ ಎಂದರು ಪ್ರಲ್ಹಾದರಾವ್. ಮಂಜರಿ ನಗುತ್ತ, ಅಲ್ಲೊಂದು ಗೀಟು ಎಳೆ ಎಂದಳು.

ಬಂದ ಉದ್ದೇಶ: ಅಜ್ಜಿಯನ್ನು ಕಾಣಲು. ಅದಕ್ಕೆ ಯಾರೂ ತಕರಾರು ಮಾಡಲಿಲ್ಲ.

ಮುಂದಿನದು ಜಾಗ ಕೊಟ್ಟವರ ಹೆಸರು. ಗೋದಾಬಾಯಿ ಪೆನ್ನು ಎತ್ತಿ ಆ ಕಾಲಮನ್ನು ಮತ್ತೊಮ್ಮೆ ಓದಿದರು. ಅಷ್ಟು ಸಾವಿರ ಜನನದ ಫಾರ್ಮುಗಳಲ್ಲಿ ಅಪ್ಪ, ಅಮ್ಮ, ಆಸ್ಪತ್ರೆ ಎಲ್ಲಕ್ಕೂ ಕಾಲಮ್ ಇತ್ತು, ಅಜ್ಜಿಗೆ ಮಾತ್ರ ಇರಲಿಲ್ಲ. ಮೊಮ್ಮಗಳು ಸ್ವದೇಶಿಯಾಗಿದ್ದರೆ ಅವಳ ಯಾವ ಕಾಗದದ ಮೇಲೂ ಇವರ ಹೆಸರು ಬರುತ್ತಿರಲಿಲ್ಲ. ಗೋದಾ ಪ್ರಲ್ಹಾದ ಕುಲಕರ್ಣಿ ಎಂದು ದುಂಡಗೆ ಬರೆದು, ಹಿಗ್ಗಿನಿಂದ ಗಂಡನಿಗೂ ತೋರಿಸಿದರು.

ಕೆಳಗೆ ಹೊರಡುವ ದಿನಾಂಕವಿತ್ತು.

‘ಇದನ್ನ ಸದ್ಯಕ್ಕ ಬಿಡೋಣೇನು?’ ಎಂದು ಮಗಳ ಮುಖ ನೋಡಿದರು.

‘ಹದಿನೇಳು. ಶುಕ್ರವಾರ,’ ಎಂದಳು ಮಂಜರಿ.

‘ಇಷ್ಟ ಲಗೂನ?’

‘ಅಲ್ಲಿ ಡೇ-ಕೇರ್‌ನಾಗ ಇಪ್ಪತ್ತಕ್ಕ ಸೇರಬೇಕವ್ವಾ. ಜಾಗಾ ಸಿಗೂದಿಲ್ಲಂತ ಈಕಿ ಹುಟ್ಟೂಕಿಂತ ಮೊದಲ ಹೆಸರು ಹಚ್ಚಿ ಬಂದಿದ್ವಿ.’

ಪುಟ್ಟಿ ಅಜ್ಜಿಯ ತೊಡೆಯ ಮೇಲೆ ಕೂತು ಕಾಗದದ ತುದಿಯನ್ನು ಎಳೆಯುತ್ತಿದ್ದಳು. ಗೋದಾಬಾಯಿಗೆ ಕೂಗಾಡಬೇಕೆನ್ನಿಸಿತು, ಅತ್ತುಬಿಡಬೇಕೆನ್ನಿಸಿತು. ಎರಡೂ ಮಾಡದೆ ಮಗುವಿನ ಮುಷ್ಟಿಯಿಂದ ಕಾಗದ ಬಿಡಿಸಿಕೊಂಡು ಹದಿನೇಳು ಎಂದು ಬರೆದರು. ಅದರ ಕೆಳಗೆ, ಮೇಲಿನದೆಲ್ಲ ನನಗೆ ತಿಳಿದ ಮಟ್ಟಿಗೆ ನಿಜ ಎಂದು ಅಚ್ಚಾಗಿದ್ದ ಕಡೆ, ಸಹಿ ಹಾಕಿದರು.